ಹೋಟ್ಲು, ಹೋಂಸ್ಟೇ, ರಸಮಂಜರಿ: ಹಾಡು ಹಾಕೋಕೆ ಲೈಸೆನ್ಸ್ ಯಾರ ಹತ್ರ ತಗೋಬೇಕು, ಹೇಗೆ, ಯಾವಾಗ ಬೇಕಿಲ್ಲ

ಡಿಸೆಂಬರ್ ಕೊನೇ ವಾರ, ನ್ಯೂ ಇಯರ್ ಬುಕಿಂಗಿಗೆ ಒಂದರ ಹಿಂದೊಂದು ಫೋನು, ಅಡುಗೆಯವನು ಬೇರೆ ರಜೆ ಬೇಕು ಅಂತ ಕೂತಿದ್ದ. ಅಂಥ ಹೊತ್ತಲ್ಲಿ ಇಬ್ಬರು ಬಂದ್ರು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಫೈಲು. "31ಕ್ಕೆ ಡಿಜೆ ಇಟ್ಟಿದೀರಂತೆ, ಮ್ಯೂಸಿಕ್ ಲೈಸೆನ್ಸ್ ಎಲ್ಲಿ ಸರ್?" ತೀರ್ಥಹಳ್ಳಿ ರೋಡಲ್ಲಿ ನಂದೊಂದು ಸಣ್ಣ ಹೋಟ್ಲು, ಹಿಂದೆ ನಾಲ್ಕು ರೂಮಿನ ಹೋಂಸ್ಟೇ. ನಂಗೆ ಗೊತ್ತಿದ್ದ ಲೈಸೆನ್ಸ್ ಅಂದ್ರೆ ಪಂಚಾಯ್ತಿಯ ಟ್ರೇಡ್ ಲೈಸೆನ್ಸು, ಫುಡ್ ಲೈಸೆನ್ಸು, ಮೈಕಿಗೆ ಸ್ಟೇಷನ್ನಲ್ಲಿ ತಗೊಂಡ ಪರ್ಮಿಷನ್ನು, ಅಷ್ಟೇ. ಇಪ್ಪತ್ತೈದು ಸಾವಿರ ಅಂದ್ರು, ನಾನು ಮುಖ ಸಣ್ಣ ಮಾಡಿದ್ದು ನೋಡಿ "ಇವತ್ತೇ ಕ್ಯಾಶ್ ಆದ್ರೆ ಹದಿನೈದಕ್ಕೆ ಮುಗ್ಸೋಣ" ಅಂದ್ರು. ಆ ಕ್ಯಾಶ್ ಅನ್ನೋ ಮಾತು ಕೇಳಿದ್ಮೇಲೆ ನಂಗೆ ಡೌಟ್ ಬಂತು. ಯಾವ್ಯಾವ ಹಾಡಿಗೆ ಇದು, ಪಟ್ಟಿ ತೋರ್ಸಿ ಅಂದೆ. ಪಟ್ಟಿ ಇರ್ಲಿಲ್ಲ. "ಎಲ್ಲಾ ಹಾಡಿಗೂ ಸರ್" ಅಂದ್ರು.

ಹೆಸರೆಲ್ಲ ಬೇಡ ಬಿಡಿ. ಆದ್ರೆ ಅವತ್ತು ರಾತ್ರಿ ಕೂತು ಓದೋಕೆ ಶುರು ಮಾಡಿದ್ಮೇಲೆ ಗೊತ್ತಾಗಿದ್ದು, ಲೈಸೆನ್ಸ್ ಬೇಕು ಅನ್ನೋದು ನಿಜ, ಅವ್ರಿಗೆ ಕ್ಯಾಶ್ ಕೊಟ್ರೆ ಎಲ್ಲಾ ಹಾಡಿಗೂ ಆಯ್ತು ಅನ್ನೋದು ಶುದ್ಧ ಸುಳ್ಳು. ನಮ್ಮ ಕಡೆ ಜನ ಎರಡೇ ಥರ ಮಾಡ್ತಾರೆ, ಒಂದೋ ಹೆದರಿ ಬಂದೋರಿಗೆಲ್ಲಾ ಕೊಡ್ತಾರೆ, ಇಲ್ಲಾ "ಎಂತ ಲೈಸೆನ್ಸ್ ಮಾರಾಯ, ಎಲ್ರೂ ಹಾಕ್ತಾರೆ" ಅಂತ ಯಾರಿಗೂ ಕೊಡಲ್ಲ. ಎರಡೂ ತಪ್ಪು. ಹಾಡು ಒಂದೇ ಆದ್ರೂ ಅದರ ಯಜಮಾನ್ರು ಒಬ್ಬರಲ್ಲ, ದುಡ್ಡು ಕೊಡೋಕೆ ಮುಂಚೆ "ನೀವು ಯಾರ ಪರವಾಗಿ, ಯಾವ ಹಾಡಿಗೆ" ಅಂತ ಬರವಣಿಗೆಯಲ್ಲಿ ಕೇಳಬೇಕು. ನಾನು ಕಲ್ತಿದ್ದು ಇಷ್ಟೇ, ಇದನ್ನ ಹೇಗೆ ಮಾಡೋದು ಅಂತ ಕೆಳಗೆ ಬರೀತೀನಿ.

ಮೊದಲು ಅಡಿಕೆ ತೋಟದ ಲೆಕ್ಕ

ಕಾನೂನಿನ ಭಾಷೆಯಲ್ಲಿ ಹೇಳಿದ್ರೆ ತಲೆ ಕೆಡತ್ತೆ, ಅದಕ್ಕೆ ನಮ್ಮ ತೋಟದ ಲೆಕ್ಕದಲ್ಲೇ ಹೇಳ್ತೀನಿ. ತೋಟ ಒಬ್ಬರದು. ಈ ವರ್ಷದ ಫಸಲನ್ನ ಚೇಣಿಗೆ, ಅಂದ್ರೆ ಗುತ್ತಿಗೆಗೆ, ತಗೊಂಡೋನು ಇನ್ನೊಬ್ಬ. ನೀವು ತೋಟದ ಯಜಮಾನ್ರನ್ನ ಕೇಳ್ಕೊಂಡು ಹೋಗಿ ಅಡಿಕೆ ಕೊನೆ ಇಳಿಸ್ಕೊಂಡು ಬಂದ್ರೆ ಚೇಣಿದಾರ ಸುಮ್ನೆ ಬಿಡ್ತಾನಾ? ಹಾಡಲ್ಲೂ ಹಂಗೇ. ಸಾಹಿತ್ಯ ಮತ್ತೆ ರಾಗ ಹಾಕಿದ್ದು, ಅಂದ್ರೆ ಕಂಪೋಸಿಷನ್, ಅದು ತೋಟ. ಸ್ಟುಡಿಯೋದಲ್ಲಿ ಹಾಡಿಸಿ ರೆಕಾರ್ಡ್ ಮಾಡಿದ್ದು, ಅಂದ್ರೆ ಸೌಂಡ್ ರೆಕಾರ್ಡಿಂಗ್, ಅದು ಫಸಲು. 1957ರ ಕಾಪಿರೈಟ್ ಆಕ್ಟ್ ಪ್ರಕಾರ ಇವೆರಡೂ ಬೇರೆ ಬೇರೆ ಹಕ್ಕು, 2012ರಲ್ಲಿ ತಿದ್ದುಪಡಿ ಆದ್ಮೇಲಂತೂ ಸಾಹಿತಿ ಮತ್ತೆ ಸಂಗೀತ ನಿರ್ದೇಶಕರು ತಮ್ಮ ರಾಯಲ್ಟಿ ಪಾಲನ್ನ ಬರ್ಕೊಟ್ಟು ಕೈ ತೊಳ್ಕೊಳ್ಳೋಕೂ ಆಗಲ್ಲ, ಅಷ್ಟು ಬಿಗಿ ಮಾಡಿದಾರೆ.

ಹಂಗಾಗಿ ಮೊಬೈಲಿಂದ ಸ್ಪೀಕರಿಗೆ ಹಾಡು ಹಾಕಿದ್ರೆ ತೋಟ, ಫಸಲು ಎರಡೂ ಮುಟ್ಟಿದ ಹಾಗೆ. ಆರ್ಕೆಸ್ಟ್ರಾದವರು ಕೀಬೋರ್ಡು, ಪ್ಯಾಡು ಇಟ್ಕೊಂಡು ತಾವೇ ನುಡಿಸಿ ಹಾಡಿದ್ರೆ ತೋಟ ಮಾತ್ರ, ರೆಕಾರ್ಡಿಂಗ್ ಅಲ್ಲಿಲ್ಲ. ಇದೊಂದು ತಲೇಲಿ ಕೂತ್ರೆ ಅರ್ಧ ಕೆಲಸ ಮುಗೀತು.

ಟ್ರ್ಯಾಕ್ ಹಾಕಿ ಹಾಡೋದು ಮಾತ್ರ ಮಧ್ಯದ್ದು. ಈಗ ಶಿವಮೊಗ್ಗದಲ್ಲಿ ಯಾವ ಬಡಾವಣೆಗೆ ಹೋದ್ರೂ ಒಂದು ಕರೋಕೆ ಬಳಗ ಇದೆ, ರಿಟೈರ್ ಆದೋರು ಸಂಜೆ ಸೇರಿ ಚೆನ್ನಾಗೇ ಹಾಡ್ತಾರೆ. ಆದ್ರೆ ಆ ಟ್ರ್ಯಾಕು ಕೂಡ ಒಂದು ರೆಕಾರ್ಡಿಂಗೇ, ಅದನ್ನ ಯಾರೋ ಕೂತು ಮಾಡಿರ್ತಾರೆ, ಇಲ್ಲಾ ಸಿನಿಮಾ ಹಾಡಿಂದ ದನಿ ತೆಗ್ದು ಮಾಡಿರ್ತಾರೆ, ಹಂಗೆ ಮಾಡಿದ್ರೆ ಅದು ಮೂಲ ಕಂಪನಿಯ ರೆಕಾರ್ಡಿಂಗೇ ಆಯ್ತು. ಲೈವ್ ಅಂತ ಬರೆಸಿ ಟ್ರ್ಯಾಕ್ ಹಾಕಿದ್ರೆ ಲೈಸೆನ್ಸ್ ಅರ್ಧಂಬರ್ಧ ಆಗತ್ತೆ.

ಹಂತ 1: ನೀವು ಮಾಡೋದೇನು ಅಂತ ಒಂದು ಹಾಳೇಲಿ ಬರ್ಕೊಳ್ಳಿ

ತಮಾಷೆ ಅಲ್ಲ, ನಿಜವಾಗ್ಲೂ ಬರೀರಿ. ನಂದು ಹೀಗಿತ್ತು: ಹೋಟ್ಲಲ್ಲಿ ಬೆಳಗ್ಗೆ ಭಕ್ತಿಗೀತೆ, ಆಮೇಲೆ ಎಫ್‌ಎಂ, ಸಂಜೆ ಮೊಬೈಲಿಂದ ಹಳೇ ಕನ್ನಡ ಹಾಡು. ನಾಲ್ಕು ರೂಮಲ್ಲೂ ಟಿವಿ. ವರ್ಷಕ್ಕೆ ಒಂದು ಡಿಜೆ ನೈಟ್. ಇನ್ಸ್ಟಾಗ್ರಾಮಲ್ಲಿ ಹೋಂಸ್ಟೇ ರೀಲ್ಸು. ನೋಡಿ, ಒಂದು ಸಣ್ಣ ಜಾಗದಲ್ಲೇ ಎಷ್ಟು ಥರ.

ಇಲ್ಲಿ ಜನಕ್ಕೆ ಜಾಸ್ತಿ ಕನ್‌ಫ್ಯೂಸ್ ಆಗೋದು ಮೂರು ಕಡೆ. ಒಂದು, "ನಾನು ಸ್ಪಾಟಿಫೈಗೆ ದುಡ್ಡು ಕಟ್ತೀನಲ್ಲ, ಯೂಟ್ಯೂಬ್ ಪ್ರೀಮಿಯಂ ಇದೆಯಲ್ಲ" ಅನ್ನೋದು. ಆ ದುಡ್ಡು ನೀವು ಸ್ವಂತಕ್ಕೆ ಕೇಳೋಕೆ, ವ್ಯಾಪಾರದ ಜಾಗದಲ್ಲಿ ಹಾಕೋ ಹಾಗಿಲ್ಲ ಅಂತ ಅವರ ಷರತ್ತಲ್ಲೇ ಇದೆ, ನಾವು ಓದದೆ ಓಕೆ ಒತ್ತಿರ್ತೀವಿ. ಎರಡು, ಎಫ್‌ಎಂ. ರೇಡಿಯೋ ಸ್ಟೇಷನ್ನೋರು ಪ್ರಸಾರಕ್ಕೆ ಕಟ್ಟಿರೋದು ಅವರ ಪಾಲಿಂದು, ಅದನ್ನ ನೀವು ಹೋಟ್ಲಲ್ಲಿ ಸ್ಪೀಕರ್ ಹಾಕಿ ಗಿರಾಕಿಗೆ ಕೇಳ್ಸೋದು ಬೇರೆ ಲೆಕ್ಕ. ಮೂರು, ರೂಮಿನ ಟಿವಿ. ರೂಮ್ ಬಾಗ್ಲು ಹಾಕಿದ್ಮೇಲೆ ಅದು ಖಾಸಗಿ ಅಲ್ವಾ ಅಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಕೇಬಲ್, ಸ್ಯಾಟಲೈಟ್ ಮೂಲಕ ಹೋಟ್ಲು, ಹಾಸ್ಟೆಲ್ ರೂಮುಗಳಿಗೆ ಕೊಡೋದು ಕೂಡ ಸಾರ್ವಜನಿಕರಿಗೆ ಮುಟ್ಟಿಸಿದ ಹಾಗೇ ಅಂತ ಆಕ್ಟಿನ ಸೆಕ್ಷನ್ 2ರಲ್ಲೇ ಬರ್ದಿದಾರೆ.

(ನಮ್ಮ ಕಡೆ ಮಳೆಗಾಲದಲ್ಲಿ ಕಪ್ಪೆ, ಜೀರುಂಡೆ ಸದ್ದೇ ಸಾಕು, ಅದಕ್ಕೆ ರಾಯಲ್ಟಿ ಇಲ್ಲ. ಹೋಂಸ್ಟೇಗೆ ಬರೋರು ಅದನ್ನೇ ಕೇಳೋಕೆ ಬರೋದು, ನಾವೇ ಅದರ ಮೇಲೆ ಸ್ಪೀಕರ್ ಇಡ್ತೀವಿ.)

ಹಂತ 2: ನಿಮ್ಮದು ವಿನಾಯ್ತಿಯಲ್ಲಿ ಬರತ್ತಾ ನೋಡಿ

ಇದನ್ನ ದುಡ್ಡು ಕಟ್ಟೋಕೆ ಮುಂಚೆ ನೋಡ್ಬೇಕು, ಯಾಕಂದ್ರೆ ಬೇಡದೇ ಇರೋ ಕಡೆನೂ ಜನ ಕಟ್ತಾರೆ. ಎಲ್ಲಾ ಇರೋದು ಸೆಕ್ಷನ್ 52ರಲ್ಲಿ.

ಮದುವೆ: ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕೋದು, ಹಾಡೋದು ಉಲ್ಲಂಘನೆ ಅಲ್ಲ, ಮದುವೆ ದಿಬ್ಬಣ ಮತ್ತೆ ಮದುವೆಗೆ ಸೇರಿದ ಸಂಭ್ರಮಗಳೂ ಅದರೊಳಗೇ ಬರತ್ತೆ ಅಂತ ವಿವರಣೆ ಇದೆ. ಕೇಂದ್ರದ ಕೈಗಾರಿಕೆ ಇಲಾಖೆ 2023ರ ಜುಲೈ 24ಕ್ಕೆ ಪಬ್ಲಿಕ್ ನೋಟಿಸ್ ಹಾಕಿ ಮದುವೆಗಳಲ್ಲಿ ರಾಯಲ್ಟಿ ಕೇಳ್ಬೇಡಿ ಅಂತಾನೂ ಹೇಳ್ತು. ಛತ್ರದವರು ಆ ನೋಟಿಸಿನ ಒಂದು ಪ್ರಿಂಟ್ ತೆಗ್ದು ಆಫೀಸಲ್ಲಿ ಇಟ್ಕೊಳ್ಳಿ. ಆದ್ರೆ ನೋಟಿಸೇ ಕಾನೂನು ಅಂತ ಕುಣಿಬೇಡಿ, ಗೋವಾ ಸರ್ಕಾರ ಇದೇ ಧಾಟಿಯಲ್ಲಿ ಸುತ್ತೋಲೆ ಹೊರಡಿಸಿದಾಗ 2024ರಲ್ಲಿ ಬಾಂಬೆ ಹೈಕೋರ್ಟ್ ಆ ಸುತ್ತೋಲೆನ ರದ್ದು ಮಾಡ್ತು. ಆಕ್ಟಲ್ಲಿರೋ ವಿನಾಯ್ತಿ ಹಂಗೇ ಇದೆ, ಅದು ಎಲ್ಲಿವರೆಗೆ ಹೋಗತ್ತೆ ಅಂತ ಕೋರ್ಟ್ ಒಂದೊಂದು ಕೇಸಲ್ಲಿ ನೋಡತ್ತೆ. ಧಾರೆ, ಆರತಕ್ಷತೆ, ದಿಬ್ಬಣ ಇದಕ್ಕೆಲ್ಲ ನಂಗೆ ಯೋಚನೆ ಇಲ್ಲ. ರೆಸಾರ್ಟಲ್ಲಿ ಮೂರು ದಿನ ಬೆಂಗಳೂರು ಡಿಜೆ ಕರ್ಸಿ ಮಾಡೋ ಪಾರ್ಟಿಗೆ ಮದುವೆ ಅಂತ ಬೋರ್ಡ್ ಹಾಕಿದ್ರೆ ಸ್ವಲ್ಪ ಯೋಚನೆ ಮಾಡ್ಬೇಕು.

ಗಣಪತಿ, ಜಾತ್ರೆ: ಪೂಜೆ, ಮೆರವಣಿಗೆ, ಮಾರಿಕಾಂಬೆ ಜಾತ್ರೆ ದೇವಸ್ಥಾನದ ಕಾರ್ಯ ಇವೆಲ್ಲ ಧಾರ್ಮಿಕ ವಿನಾಯ್ತಿಲೇ ಬರತ್ತೆ. ಆದ್ರೆ ಪೆಂಡಾಲ್ ಪಕ್ಕ ಸ್ಟೇಜ್ ಹಾಕಿ, ಜ್ಯುವೆಲ್ಲರಿ ಅಂಗಡಿ ಬ್ಯಾನರ್ ಕಟ್ಟಿ, ದುಡ್ಡು ಕೊಟ್ಟು ಕರೆಸಿದ ತಂಡದಿಂದ ರಸಮಂಜರಿ ಮಾಡ್ಸಿದ್ರೆ ಅದು ಪೂಜೆಯ ಭಾಗ ಅಂತ ವಾದ ಮಾಡೋದು ಕಷ್ಟ. ಇಲ್ಲಿ ಇನ್ನೊಂದು ವಿನಾಯ್ತಿ ಇದೆ, ಹವ್ಯಾಸಿ ಸಂಘದವರು ಟಿಕೆಟ್ ಇಲ್ದೆ ಹಾಡಿದ್ರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದ್ರೆ ನಡೆಯತ್ತೆ. ಬೀದಿ ಹುಡುಗ್ರೇ ಸೇರಿ ಹಾಡಿದ್ರೆ ಸರಿ, ಪೇಮೆಂಟ್ ತಗೊಂಡು ಊರೂರು ತಿರುಗೋ ತಂಡ ಹವ್ಯಾಸಿ ಅಲ್ಲ. ಮತ್ತೆ ಈ ಎರಡನೇ ವಿನಾಯ್ತಿ ಹಾಡೋದಕ್ಕೆ ಮಾತ್ರ, ರೆಕಾರ್ಡಿಂಗ್ ಹಾಕೋದಕ್ಕಲ್ಲ.

ಶಾಲೆ ಕಾಲೇಜು: ಸ್ಕೂಲ್ ಡೇ ದಿನ ಮಕ್ಕಳು ಕುಣಿಯೋದು, ನೋಡೋಕೆ ಬರೋದು ಮಕ್ಕಳು, ಮೇಷ್ಟ್ರುಗಳು, ಅಪ್ಪ ಅಮ್ಮ, ಸಂಸ್ಥೆಗೆ ಸಂಬಂಧಪಟ್ಟೋರು ಮಾತ್ರ ಅಂದ್ರೆ ಹಾಡಿನ ಸಿಡಿ ಹಾಕಿದ್ರೂ ತೊಂದ್ರೆ ಇಲ್ಲ. ಕಾಲೇಜ್ ಫೆಸ್ಟ್ ಅಂತ ಊರಿಗೆಲ್ಲ ಪಾಸ್ ಮಾರಿದ್ರೆ ಆ ರಕ್ಷಣೆ ಹೋಯ್ತು.

ಅಪಾರ್ಟ್‌ಮೆಂಟಿನ ಕಾಮನ್ ಹಾಲಲ್ಲಿ ಅಲ್ಲಿರೋರಿಗೇ ಅಂತ ರೆಕಾರ್ಡಿಂಗ್ ಹಾಕೋದು, ಲಾಭಕ್ಕಲ್ಲದ ಕ್ಲಬ್ಬು ತನ್ನ ಚಟುವಟಿಕೆಯಲ್ಲಿ ಹಾಕೋದು, ಸರ್ಕಾರ, ಪಾಲಿಕೆ, ಪಂಚಾಯ್ತಿಯವರ ಅಧಿಕೃತ ಸಮಾರಂಭ, ಇವೂ ವಿನಾಯ್ತಿ. ಕುವೆಂಪು ರಂಗಮಂದಿರದಲ್ಲಿ ನಡೀತು ಅಂದ ಮಾತ್ರಕ್ಕೆ ಎಲ್ಲವೂ ಸರ್ಕಾರಿ ಕಾರ್ಯಕ್ರಮ ಆಗಲ್ಲ ಅನ್ನೋದು ನೆನಪಿರ್ಲಿ, ಬಾಡಿಗೆ ಕಟ್ಟಿ ಮಾಡೋದು ನಿಮ್ಮದೇ ಕಾರ್ಯಕ್ರಮ.

ಯಾರ ಹಾಡು, ಎಷ್ಟು ಹಳೇದು

ನಮ್ಮ ಜಿಲ್ಲೆಯವರಿಗೆ ಇದು ಬೇಕೇ ಬೇಕು, ಯಾಕಂದ್ರೆ ಇಲ್ಲಿ ವಚನ, ಭಾವಗೀತೆ ಇಲ್ದೆ ಕಾರ್ಯಕ್ರಮಾನೇ ಇಲ್ಲ. ಸಾಹಿತ್ಯಕ್ಕೂ ರಾಗಕ್ಕೂ ಬರೆದವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಕಾಪಿರೈಟ್ ಇರತ್ತೆ. ರೆಕಾರ್ಡಿಂಗಿಗೆ ಅದು ಬಿಡುಗಡೆ ಆದ ಮುಂದಿನ ವರ್ಷದಿಂದ 60 ವರ್ಷ.

ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ, ಪುರಂದರದಾಸರು, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು, ಇವರ ಸಾಹಿತ್ಯಕ್ಕೆ ಯಾರನ್ನೂ ಕೇಳ್ಬೇಕಿಲ್ಲ. ಆದ್ರೆ ಶರೀಫರ ಪದವನ್ನ ನೀವು ಸಿ. ಅಶ್ವತ್ಥ್ ಅವರ ಧಾಟಿಯಲ್ಲೇ ಹಾಡಿದ್ರೆ ರಾಗ ಹಾಕಿದ್ದು ಅವರ ಕೃತಿ, ಅವರು ತೀರಿಕೊಂಡಿದ್ದು 2009, ಹಾಗಾಗಿ 2069ರ ಕೊನೇವರೆಗೂ ರಕ್ಷಣೆ ಇದೆ. ಕುವೆಂಪು ನಮ್ಮ ತಾಲೂಕಿನೋರೇ, ಕುಪ್ಪಳಿ ನಮ್ಮ ಮನೆಯಂಗಳ ಅನ್ನೋ ಥರ, ಆದ್ರೂ ಅವರು ತೀರಿಕೊಂಡಿದ್ದು 1994, ಲೆಕ್ಕ 2054ರ ಕೊನೇವರೆಗೆ. ಬೇಂದ್ರೆ 1981, ಅಂದ್ರೆ 2041. ಜಿ.ಎಸ್. ಶಿವರುದ್ರಪ್ಪನವರದ್ದು 2013, ಅಂದ್ರೆ 2073. ಕವಿದು ಬೇರೆ ವರ್ಷ, ಸಂಯೋಜಕರದ್ದು ಬೇರೆ ವರ್ಷ, ಕ್ಯಾಸೆಟ್ಟಿಂದು ಬೇರೆ, ಮೂರನ್ನೂ ಪ್ರತ್ಯೇಕ ನೋಡ್ಬೇಕು. "ಹಳೇ ಹಾಡು ಬಿಡಿ ಸರ್" ಅನ್ನೋ ಮಾತಿಗೆ ಅರ್ಥ ಇಲ್ಲ.

ಡೊಳ್ಳಿನ ಪದ, ದೀಪಾವಳಿಯ ಅಂಟಿಕೆ-ಪಂಟಿಕೆ, ಹಸೆ ಹಾಡು ಇವು ಊರಿನ ಸೊತ್ತು, ಬಾಯಿಂದ ಬಾಯಿಗೆ ಬಂದಿದ್ದು. ಇವನ್ನ ನಿಮ್ಮವರೇ ಹಾಡಿದ್ರೆ ಪೂರ್ತಿ ಫ್ರೀ. ಅದೇ ಪದದ ಆಲ್ಬಮ್ ಹಾಕಿದ್ರೆ ಆ ರೆಕಾರ್ಡಿಂಗಿಗೆ ಯಜಮಾನ್ರು ಇದಾರೆ.

ಹಂತ 3: ಯಾರ ಹತ್ರ ಹೋಗ್ಬೇಕು

ತೋಟಕ್ಕೆ, ಅಂದ್ರೆ ಸಾಹಿತ್ಯ ಮತ್ತೆ ರಾಗಕ್ಕೆ: ಐಪಿಆರ್‌ಎಸ್. 1969ರಲ್ಲಿ ಶುರುವಾದ ಸಂಸ್ಥೆ, ಮುಂಬೈಯಲ್ಲಿದೆ, ಗೀತ ಸಾಹಿತಿಗಳು, ಸಂಗೀತ ನಿರ್ದೇಶಕರು, ಮ್ಯೂಸಿಕ್ ಕಂಪನಿಗಳು ಸದಸ್ಯರು. 2017ರಲ್ಲಿ ಸರ್ಕಾರದಿಂದ ಕಾಪಿರೈಟ್ ಸೊಸೈಟಿ (ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಟ್ಟು ರಾಯಲ್ಟಿ ವಸೂಲಿ ಮಾಡೋ ಸಂಘ) ಅಂತ ಮತ್ತೆ ನೋಂದಣಿ ಆಗಿದೆ. ಇದರಲ್ಲಿ ಗೊಂದಲ ಕಮ್ಮಿ.

ಫಸಲಿಗೆ, ಅಂದ್ರೆ ರೆಕಾರ್ಡಿಂಗಿಗೆ: ಇಲ್ಲೇ ಗಲಾಟೆ ಇರೋದು. ಪಿಪಿಎಲ್ ಅಂತ 1941ರ ಹಳೇ ಕಂಪನಿ ಇದೆ, ತುಂಬಾ ಮ್ಯೂಸಿಕ್ ಕಂಪನಿಗಳ ರೆಕಾರ್ಡಿಂಗ್ ಇವರ ಕೈಯಲ್ಲಿದೆ. ನೊವೆಕ್ಸ್ ಅಂತ ಇನ್ನೊಂದು, ಕೆಲವು ಹಿಂದಿ ಮ್ಯೂಸಿಕ್ ಕಂಪನಿಗಳ ಪರವಾಗಿ. ಆರ್‌ಎಂಪಿಎಲ್ ಅಂತ ಮೂರನೇದು, 2021ರಲ್ಲಿ ರೆಕಾರ್ಡಿಂಗಿಗೆ ನೋಂದಣಿ ಆದ ಸೊಸೈಟಿ. ಹಂಗೆ ಸೊಸೈಟಿ ಅಂತ ನೋಂದಣಿ ಇಲ್ದೇ ಇರೋರು ಲೈಸೆನ್ಸ್ ಕೊಡಬಹುದಾ ಅನ್ನೋದೇ ದೊಡ್ಡ ಪ್ರಶ್ನೆ. 2021ರಲ್ಲಿ ಮದ್ರಾಸ್ ಹೈಕೋರ್ಟ್ ನೊವೆಕ್ಸ್ ಕೇಸಲ್ಲಿ ಆಗಲ್ಲ ಅಂತು. 2024ರ ಜನವರೀಲಿ ಬಾಂಬೆ ಹೈಕೋರ್ಟ್, ಹಕ್ಕು ಬರೆಸ್ಕೊಂಡು ಓನರ್ ಆಗಿದ್ರೆ ಕೊಡಬಹುದು ಅಂತು. 2025ರ ಏಪ್ರಿಲಲ್ಲಿ ದಿಲ್ಲಿ ಹೈಕೋರ್ಟಿನ ಇಬ್ಬರು ಜಡ್ಜ್‌ಗಳ ಬೆಂಚು, ಸೊಸೈಟಿ ಆಗ್ಬೇಕು ಇಲ್ಲಾ ಸೊಸೈಟಿ ಸದಸ್ಯರಾಗಿರ್ಬೇಕು ಅಂತು, ಅದೇ ತಿಂಗಳು ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ದೊಡ್ಡೋರ ಜಗಳ, ನಡುವೆ ನಮ್ಮಂಥ ಇಡ್ಲಿ ಮಾರೋರು.

ಹಂಗಂತ ಜಗಳ ಮುಗಿಯೋವರೆಗೆ ಫ್ರೀ ಅಂತ ಅಲ್ಲ. ರೆಕಾರ್ಡಿಂಗಿಗೆ ಯಾರೋ ಒಬ್ರು ಯಜಮಾನ್ರು ಇದ್ದೇ ಇದಾರೆ. ನಾನು ಮಾಡಿದ್ದು ಉಲ್ಟಾ ದಾರಿ, ಸಂಸ್ಥೆಯಿಂದ ಶುರು ಮಾಡದೆ ಹಾಡಿಂದ ಶುರು ಮಾಡಿದೆ. ನಮ್ಮ ಹೋಟ್ಲಲ್ಲಿ ನಿಜವಾಗಿ ಹಾಕೋ ಹಾಡಿನ ಪ್ಲೇಲಿಸ್ಟ್ ತೆಗ್ದು, ಒಂದೊಂದರ ಕೆಳಗೆ ಯಾವ ಆಡಿಯೋ ಕಂಪನಿ ಅಂತ ನೋಡಿದೆ, ಹಾಡು ಕೇಳೋ ಆಪ್‌ನಲ್ಲಿ ಹಾಡಿನ ವಿವರದಲ್ಲೇ ಇರತ್ತೆ. ಕನ್ನಡ ಹಾಡು ಮಾತ್ರ ಅಂದ್ರೆ ಲಹರಿ, ಆನಂದ್ ಆಡಿಯೋ, ಸರಿಗಮ ಥರ ಐದಾರು ಹೆಸರೇ ಸುತ್ತಿ ಸುತ್ತಿ ಬರತ್ತೆ. ಆಮೇಲೆ ಆ ಕಂಪನಿ ಯಾರ ಪಟ್ಟಿಯಲ್ಲಿದೆ ಅಂತ ಸಂಸ್ಥೆಗಳ ವೆಬ್‌ಸೈಟಲ್ಲಿ ಹುಡುಕೋದು. ಇದರಿಂದ ಒಂದು ಲಾಭ ಆಯ್ತು, ಹಿಂದಿ ಹಾಡು ನಮ್ಮಲ್ಲಿ ತಿಂಗಳಿಗೆ ನಾಲ್ಕು ಸಲಾನೂ ಹಾಕ್ತಿರ್ಲಿಲ್ಲ, ಅದನ್ನ ಬಿಟ್ಟೇ ಬಿಟ್ವಿ, ಒಂದು ಬಿಲ್ ಉಳೀತು.

ಹಂತ 4: ಅರ್ಜಿ ಹಾಕೋದು

ಈಗ ಎಲ್ಲಾ ಆನ್‌ಲೈನು, ಮುಂಬೈಗೆ ಹೋಗ್ಬೇಕಿಲ್ಲ. ವೆಬ್‌ಸೈಟಲ್ಲಿ ಟ್ಯಾರಿಫ್ ಅಂತ ಪಿಡಿಎಫ್ ಇರತ್ತೆ, ಮೊದಲು ಅದನ್ನ ಇಳಿಸ್ಕೊಂಡು ಓದಿ. ನೋಂದಾಯಿತ ಸೊಸೈಟಿ ತನ್ನ ದರಪಟ್ಟಿ ಪ್ರಕಟ ಮಾಡ್ಲೇಬೇಕು, ಅದು ಸೆಕ್ಷನ್ 33ಎ. ದರ ನಿಂತಿರೋದು ನೀವು ಯಾವ ಥರದ ಜಾಗ, ಎಷ್ಟು ಸೀಟು, ಎಷ್ಟು ಚದರಡಿ, ಎಷ್ಟು ರೂಮು, ವರ್ಷಪೂರ್ತಿಯಾ ಒಂದಿನಕ್ಕಾ, ಟಿಕೆಟ್ ಇದೆಯಾ ಅನ್ನೋದ್ರ ಮೇಲೆ. ಬಂದ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ.

ಕೈಯಲ್ಲಿ ಇಟ್ಕೊಳ್ಬೇಕಾದ್ದು: ಪ್ಯಾನ್, ಜಿಎಸ್‌ಟಿ ನಂಬರ್ ಇದ್ರೆ ಅದು, ಟ್ರೇಡ್ ಲೈಸೆನ್ಸ್, ಜಾಗದ ಅಳತೆ, ಸೀಟಿನ ಲೆಕ್ಕ. ಅಳತೆ ವಿಷಯದಲ್ಲಿ ಒಂದು ಮಾತು, ಸ್ಪೀಕರ್ ಎಲ್ಲಿ ಕೇಳತ್ತೋ ಆ ಜಾಗದ ಲೆಕ್ಕ ಕೊಡಿ. ನಾನು ಮೊದಲ ಸಲ ಪೆದ್ದನ ಥರ ಅಡುಗೆಮನೆ, ಸ್ಟೋರ್ ರೂಮು, ಸೌದೆ ಕೊಟ್ಟಿಗೆ ಎಲ್ಲಾ ಸೇರ್ಸಿ ಬಿಲ್ಡಿಂಗ್ ಪೂರ್ತಿ ಚದರಡಿ ಬರೆದಿದ್ದೆ. ಬಂದ ಕೊಟೇಷನ್ ನೋಡಿ ಎದೆ ಧಸಕ್ ಅಂತು. ಆಮೇಲೆ ಟೇಪ್ ಹಿಡಿದು ಊಟದ ಹಾಲ್ ಮಾತ್ರ ಅಳೆದು, ಫೋಟೋ ಸಮೇತ ಮೇಲ್ ಹಾಕಿದೆ, ಸರಿ ಮಾಡಿ ಕಳಿಸಿದ್ರು. ಚೌಕಾಸಿ ಅಂತಲ್ಲ, ಸರಿಯಾದ ಲೆಕ್ಕ ಕೊಡೋದು ನಮ್ಮ ಕೆಲಸ. ಹಂಗಂತ ಎಂಬತ್ತು ಸೀಟಿರೋ ಕಡೆ ಮೂವತ್ತು ಅಂತ ಬರೀಬೇಡಿ, ನಿಮ್ಮ ಗೂಗಲ್ ಮ್ಯಾಪ್ ಫೋಟೋ ಅವರೂ ನೋಡ್ತಾರೆ.

ಕಾರ್ಯಕ್ರಮಕ್ಕಾದ್ರೆ ಎರಡು ವಾರ ಮುಂಚೆ ಶುರು ಮಾಡಿ. ದಿನಾಂಕ, ಜಾಗ, ಎಷ್ಟು ಜನ, ಟಿಕೆಟ್ ರೇಟು, ಲೈವಾ ಡಿಜೆನಾ ಟ್ರ್ಯಾಕಾ ಅಂತ ಸ್ಪಷ್ಟ ಬರೀರಿ. 30ನೇ ತಾರೀಕು ರಾತ್ರಿ ಫೋನ್ ಮಾಡಿದ್ರೆ ಯಾರೂ ಎತ್ತಲ್ಲ.

ಹಂತ 5: ಬಿಲ್ ಓದೋದು, ಆಮೇಲೆ ದುಡ್ಡು

ಇನ್‌ವಾಯ್ಸ್ ಬಂದ್ಮೇಲೆ ಐದು ನಿಮಿಷ ಕೂತು ನೋಡಿ. ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಯಾವತ್ತಿಂದ ಯಾವತ್ತಿನವರೆಗೆ, ಕಂಪೋಸಿಷನ್ನಿಗಾ ರೆಕಾರ್ಡಿಂಗಿಗಾ, ಅವರ ಜಿಎಸ್‌ಟಿ ನಂಬರ್ ಸರಿ ಇದೆಯಾ (ಜಿಎಸ್‌ಟಿ ಪೋರ್ಟಲಲ್ಲಿ ಹಾಕಿ ನೋಡಿದ್ರೆ ಹೆಸರು ಬರತ್ತೆ). ದುಡ್ಡು ಸಂಸ್ಥೆಯ ಬ್ಯಾಂಕ್ ಅಕೌಂಟಿಗೆ ಮಾತ್ರ. ಯಾವನದೋ ಫೋನ್‌ಪೇ ನಂಬರಿಗಲ್ಲ, ಕ್ಯಾಶಂತೂ ಅಲ್ವೇ ಅಲ್ಲ. ಎರಡು ಬ್ರಾಂಚ್ ಇದ್ರೆ ಒಂದರ ಲೈಸೆನ್ಸು ಇನ್ನೊಂದಕ್ಕೆ ಆಗಲ್ಲ, ಹೋಟ್ಲಿಂದು ಕಾರ್ಯಕ್ರಮಕ್ಕೆ ಆಗಲ್ಲ. ನಂದು ವರ್ಷದ ಲೈಸೆನ್ಸು ಹಿನ್ನೆಲೆ ಸಂಗೀತಕ್ಕೆ ಮಾತ್ರ, ಮುಂದಿನ ವರ್ಷದ 31ರ ಡಿಜೆ ನೈಟಿಗೆ ಬೇರೆ ತಗೊಂಡಿದ್ದು.

ಹಂತ 6: ಕಾರ್ಯಕ್ರಮದ ದಿನ

ಸೌಂಡ್ಸ್‌ನೋರು "ಲೈಸೆನ್ಸ್ ನಮ್ಮತ್ರ ಇದೆ ಸರ್" ಅಂತಾರೆ. ಕೇಳಿ ನೋಡಿ, ತೋರ್ಸೋದು ಅವರ ಅಂಗಡಿ ಲೈಸೆನ್ಸು, ಇಲ್ಲಾ ಹಳೇ ಮೈಕ್ ಪರ್ಮಿಷನ್ನು. ಮೈಕ್ ಪರ್ಮಿಷನ್ ಅನ್ನೋದು 2000ದ ಶಬ್ದ ಮಾಲಿನ್ಯ ನಿಯಮದ್ದು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಬೇಡ ಅನ್ನೋದೂ ಅಲ್ಲೇ ಇರೋದು. ಅದಕ್ಕೂ ಹಾಡಿನ ಹಕ್ಕಿಗೂ ಸಂಬಂಧ ಇಲ್ಲ. ಎರಡೂ ಬೇಕು.

ಲೈಸೆನ್ಸ್ ಯಾರು ತಗೋಬೇಕು ಅನ್ನೋದನ್ನ ಆರ್ಗನೈಸರ್ ಜೊತೆ ಮೊದಲೇ ಬರೆದಿಟ್ಕೊಳ್ಳಿ. "ಜಾಗ ಮಾತ್ರ ನಂದು, ಕಾರ್ಯಕ್ರಮ ಅವರದು" ಅಂತ ಛತ್ರದವರು ಪೂರ್ತಿ ಜಾರ್ಕೊಳ್ಳೋಕೆ ಆಗಲ್ಲ, ಲಾಭಕ್ಕೆ ಜಾಗ ಕೊಟ್ಟು, ಉಲ್ಲಂಘನೆ ಆಗತ್ತೆ ಅಂತ ಗೊತ್ತಿದ್ರೆ ಇಲ್ಲಾ ಗೊತ್ತಿರಬೇಕಿದ್ರೆ ಸೆಕ್ಷನ್ 51ರಲ್ಲಿ ಅವರೂ ಸಿಕ್ಕಾಕ್ಕೊಳ್ತಾರೆ. ಬುಕಿಂಗ್ ಫಾರಂಲೇ ಒಂದು ಸಾಲು ಸೇರ್ಸಿ: ಮ್ಯೂಸಿಕ್ ಲೈಸೆನ್ಸ್ ಆಯೋಜಕರ ಜವಾಬ್ದಾರಿ, ಅದರ ಕಾಪಿ ಮೂರು ದಿನ ಮುಂಚೆ ಕೊಡಬೇಕು.

ಹಾಡಿದ ಹಾಡುಗಳ ಪಟ್ಟಿ ತೆಗ್ದಿಡಿ. ತಂಡದವರ ಹತ್ರ ಹೆಂಗೂ ಒಂದು ಚೀಟಿ ಇರತ್ತೆ, ಬೆವರಿಗೆ ಶಾಯಿ ಹರಡಿರೋದು, ಅದರ ಫೋಟೋ ಸಾಕು. ಹಾಡು, ಬರೆದವರು, ಸಂಗೀತ ಅಂತ ತುಂಬಿ ಐಪಿಆರ್‌ಎಸ್‌ಗೆ ಕಳಿಸಿದ್ರೆ ಆ ದುಡ್ಡು ಸರಿಯಾದ ಕವಿ, ಸಂಯೋಜಕರ ಕಡೆ ಹೋಗೋಕೆ ದಾರಿ ಆಗತ್ತೆ. ಪಟ್ಟಿ ಕೊಡದೇ ಹೋದ್ರೆ ನಮ್ಮೂರಲ್ಲಿ ಭಾವಗೀತೆ ಹಾಡಿದ ದುಡ್ಡು ಯಾರಿಗೆ ಸೇರ್ಬೇಕು ಅಂತ ಅವರಿಗಾದ್ರೂ ಹೆಂಗೆ ಗೊತ್ತಾಗ್ಬೇಕು.

ರೀಲ್ಸು, ಯೂಟ್ಯೂಬ್ ಲೈವ್

ಮೇಲೆ ಹೇಳಿದ ಯಾವ ಲೈಸೆನ್ಸೂ ವಿಡಿಯೋಗೆ ಆಗಲ್ಲ. ವಿಡಿಯೋಗೆ ಹಾಡು ಜೋಡ್ಸೋದು ಬೇರೆ ಹಕ್ಕು, ಅದನ್ನ ಮ್ಯೂಸಿಕ್ ಕಂಪನಿ ಹತ್ರಾನೇ ಕೇಳ್ಬೇಕು. ಇನ್ಸ್ಟಾಗ್ರಾಮಲ್ಲಿ ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡು ಸಿಗ್ತಿಲ್ಲ ಅಂತ ಪರ್ಸನಲ್ ಅಕೌಂಟಿಂದ ಹೋಂಸ್ಟೇ ಜಾಹೀರಾತು ಹಾಕ್ತಾರಲ್ಲ, ಅದು ಜಾಣತನ ಅಲ್ಲ. 2022ರಲ್ಲಿ ಒಂದು ರಾಷ್ಟ್ರೀಯ ಪಕ್ಷದ ಪಾದಯಾತ್ರೆ ವಿಡಿಯೋಗೆ ಸಿನಿಮಾ ಹಾಡು ಬಳಸಿದ್ದಕ್ಕೆ ಬೆಂಗಳೂರಿನ ಮ್ಯೂಸಿಕ್ ಕಂಪನಿ ಕೋರ್ಟಿಗೆ ಹೋಗಿ, ಪಕ್ಷದ ಟ್ವಿಟ್ಟರ್ ಖಾತೆ ಬ್ಲಾಕ್ ಮಾಡಿ ಅನ್ನೋ ಆದೇಶಾನೇ ಬಂತು, ಆಮೇಲೆ ಹೈಕೋರ್ಟಿಗೆ ಹೋಗಿ ಅದನ್ನ ಬಿಡಿಸ್ಕೊಂಡ್ರು. ಅಂಥೋರಿಗೇ ಹಂಗಾದ್ರೆ ನಮ್ಮ ರೀಲ್ಸ್ ಎಲ್ಲಿ. ರಾಯಲ್ಟಿ ಫ್ರೀ ಮ್ಯೂಸಿಕ್ ಬಳಸಬಹುದು, ಆದ್ರೆ ರಾಯಲ್ಟಿ ಫ್ರೀ ಅಂದ್ರೆ ಪುಕ್ಸಟ್ಟೆ ಅಂತಲ್ಲ, ಒಂದ್ಸಲ ಕೊಂಡ್ರೆ ಪ್ರತಿ ಸಲ ಕೊಡ್ಬೇಕಿಲ್ಲ ಅಂತ, ಅದಕ್ಕೂ ಷರತ್ತು ಇರತ್ತೆ, ಓದಿ. ನಾನೀಗ ಮಾಡೋದು, ನಮ್ಮ ಪಕ್ಕದ ಊರಿನ ಕೊಳಲು ನುಡಿಸೋ ಹುಡುಗನಿಗೆ ದುಡ್ಡು ಕೊಟ್ಟು ಅವನದೇ ಸ್ವಂತ ರಾಗದಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡ್ಸಿದೀನಿ, ಹೋಂಸ್ಟೇ ರೀಲ್ಸಿಗೆ, ಹೋಟ್ಲಿಗೆ ಎರಡಕ್ಕೂ ಬಳಸೋ ಹಾಗೆ ಒಂದು ಹಾಳೇಲಿ ಬರೆಸಿ ಸಹಿ ತಗೊಂಡಿದೀನಿ. ಹಿಂದೆ ಹಿತ್ತಲ ಹಲಸಿನ ಮರದ ಕಾಜಾಣದ ದನಿನೂ ಬಂದಿದೆ, ಜನ ಅದನ್ನೇ ಕೇಳ್ತಾರೆ.

ನೋಟಿಸ್ ಬಂದ್ರೆ, ಬಾಗಿಲಿಗೆ ಬಂದ್ರೆ

ಹೆದರಬೇಡಿ, ಹರಿದು ಬಿಸಾಡ್ಲೂ ಬೇಡಿ. ಸೆಕ್ಷನ್ 63ರಲ್ಲಿ ಗೊತ್ತಿದ್ದೂ ಉಲ್ಲಂಘಿಸಿದ್ರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಅಂತಿದೆ, ಅದು ಜಾಮೀನಿಲ್ಲದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ಉಡಾಫೆ ಬೇಡ ಅನ್ನೋದು.

ಬಂದೋರಿಗೆ ಕುರ್ಚಿ ಕೊಡಿ, ಕಾಫಿ ಕೊಡಿ. ಐಡಿ ಕಾರ್ಡಿನ ಫೋಟೋ ತಗೊಳ್ಳಿ. ಆಮೇಲೆ ಮೇಲ್ ಮಾಡಿ ಅಂತ ಹೇಳಿ, ನೀವೂ ಅವರ ಸಂಸ್ಥೆಯ ವೆಬ್‌ಸೈಟಲ್ಲಿರೋ ಮೇಲ್ ಐಡಿಗೆ (ಅವರು ಕೊಟ್ಟ ಚೀಟಿಯಲ್ಲಿರೋದಕ್ಕಲ್ಲ) ಹೀಗೆ ಕಳಿಸಿ: "ನಿಮ್ಮ ಪ್ರತಿನಿಧಿ ಇಂಥ ದಿನ ಬಂದಿದ್ರು. ನೀವು ಯಾವ ಹಕ್ಕಿನ ಬಗ್ಗೆ ಕೇಳ್ತಿದೀರಿ, ಸಾಹಿತ್ಯ-ಸಂಗೀತದ್ದಾ ರೆಕಾರ್ಡಿಂಗಿಂದಾ? ನಿಮ್ಮ ನೋಂದಣಿ ಪತ್ರ ಅಥವಾ ಹಕ್ಕು ಬರೆದುಕೊಟ್ಟ ಪತ್ರ, ನಿಮ್ಮ ಹಾಡುಗಳ ಪಟ್ಟಿ, ದರಪಟ್ಟಿ ಕಳಿಸಿ. ನಮ್ಮ ಜಾಗ ಇಷ್ಟು ಸೀಟಿಂದು, ನಾವು ಹಾಕೋದು ಇಂಥ ಹಾಡು." ಅಷ್ಟೇ ಸಾಕು, ಜಗಳದ ಭಾಷೆ ಬೇಡ. ಅಸಲಿ ಸಂಸ್ಥೆ ಆದ್ರೆ ಉತ್ತರ ಬರತ್ತೆ. ಕೋರ್ಟಿಂದಾನೋ ವಕೀಲರಿಂದಾನೋ ಬಂದ ನೋಟಿಸ್ ಆದ್ರೆ ಮಾತ್ರ ನೀವೇ ಉತ್ತರ ಬರೀಬೇಡಿ, ವಕೀಲರ ಹತ್ರ ಹೋಗಿ, ಗಡುವು ದಾಟಿಸ್ಬೇಡಿ. ಆಧಾರ ಇಲ್ದೆ ಸುಮ್ನೆ ಬೆದರಿಸೋರ ಮೇಲೆ ನಾವೂ ಕೋರ್ಟಿಗೆ ಹೋಗೋಕೆ ಸೆಕ್ಷನ್ 60ರಲ್ಲಿ ದಾರಿ ಇದೆ ಅನ್ನೋದನ್ನೂ ವಕೀಲರಿಗೆ ನೆನಪು ಮಾಡಿ.

ನಾನು ಆವತ್ತು ಆ ಇಬ್ಬರಿಗೆ ಇದೇ ಹೇಳಿ ಕಳಿಸಿದ್ದೆ, ಅವರ ಕಡೆಯಿಂದ ಮೇಲ್ ಇವತ್ತಿಗೂ ಬಂದಿಲ್ಲ. ಆ ವರ್ಷದ 31ಕ್ಕೆ ಲೈಸೆನ್ಸ್ ತಗೊಳ್ಳೋಕೆ ಟೈಮ್ ಇರ್ಲಿಲ್ಲ, ಡಿಜೆ ಕ್ಯಾನ್ಸಲ್ ಮಾಡಿ, ಪಕ್ಕದ ಊರಿನ ಡೊಳ್ಳಿನ ತಂಡ ಕರ್ಸಿದೆ. ಬುಕ್ ಮಾಡಿದ್ದ ಬೆಂಗಳೂರು ಹುಡುಗ್ರು ಮೊದಲು ಮುಖ ಗಂಟಿಕ್ಕಿದ್ರು, ಹತ್ತು ಗಂಟೆಗೆ ನಿಲ್ಸಿ ಅಂತ ನಾನೇ ಹೋಗಿ ಬೇಡ್ಕೋಬೇಕಾಯ್ತು.